ಚಂದ್ರಪತಂಗ: ಬಣ್ಣ, ಬಾಲ, ಬಳಗ

ಭಾರತದ ದೊಡ್ಡ ಪತಂಗಗಳಲ್ಲಿ ಒಂದು ಚಂದ್ರಪತಂಗ. ವೈಜ್ಞಾನಿಕ ಹೆಸರು ಆಕ್ಟಿಯಾಸ್ ಸೆಲೀನೆ. ತಿಳಿಹಸಿರು ರೆಕ್ಕೆ, ಹಾಲುಬಿಳುಪಿನ ಮೈ, ಹಿಂರೆಕ್ಕೆಯಿಂದ ಇಳಿಬಿದ್ದ ಉದ್ದನೆಯ ಬಾಲ, ಇವಿಷ್ಟನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಮಲೆನಾಡಿನಲ್ಲಿ, ಕೊಡಗಿನಲ್ಲಿ, ಘಟ್ಟದ ಬುಡದ ಊರುಗಳಲ್ಲಿ ಮಳೆ ಹಿಡಿದ ರಾತ್ರಿ ಜಗಲಿಯ ದೀಪಕ್ಕೆ ಇದು ಬಂದು ಗೋಡೆಗೆ ಒರಗುತ್ತದೆ. ಬೆಳಗಾದರೆ ಮನೆಮಂದಿಯೆಲ್ಲ ಮೊಬೈಲ್ ಹಿಡಿದು ಸುತ್ತ ನಿಲ್ಲುತ್ತಾರೆ. ಎರಡು ದಿನ ಕಳೆದರೆ ಪತ್ರಿಕೆಯ ಒಳಪುಟದಲ್ಲಿ ‘ಅಪರೂಪದ ಚಿಟ್ಟೆ ಪತ್ತೆ’ ಎಂಬ ತಲೆಬರಹ. ಆ ಮೂರು ಪದಗಳಲ್ಲಿ ಎರಡು ತಪ್ಪು. ಅದು ಚಿಟ್ಟೆಯಲ್ಲ, ಅಷ್ಟೇನೂ ಅಪರೂಪವೂ ಅಲ್ಲ. ಅದು ತಿರುಗಾಡುವ ಹೊತ್ತಿಗೆ ನಾವು ಮಲಗಿರುತ್ತೇವೆ, ಅಷ್ಟೆ.

ಅಫ್ಘಾನಿಸ್ತಾನ, ಪಾಕಿಸ್ತಾನಗಳಿಂದ ಹಿಡಿದು ಹಿಮಾಲಯದ ತಪ್ಪಲು, ನೇಪಾಳ, ಭೂತಾನ್, ಬಾಂಗ್ಲಾದೇಶ, ಮ್ಯಾನ್ಮಾರ್‌ವರೆಗೆ, ತೆಂಕಣಕ್ಕೆ ಶ್ರೀಲಂಕಾದವರೆಗೆ ಇದರ ನೆಲೆ ಹಬ್ಬಿದೆ. ಕನ್ನಡದಲ್ಲಿ ದೀಪಕ್ಕೆ ಮುತ್ತುವ ಹುಳುಗಳಿಗೆ ಹಾತೆ ಎಂಬ ಒಳ್ಳೆಯ ಮಾತಿದೆ. ಉತ್ತರ ಕರ್ನಾಟಕದ ಪಾತರಗಿತ್ತಿ ಹಗಲಿನ ಚಿಟ್ಟೆಗೆ ಸಲ್ಲುವ ಹೆಸರು. ಪತಂಗ ಸಂಸ್ಕೃತದಿಂದ ಬಂದದ್ದಾದರೂ ಶಾಲೆಯ ಪುಸ್ತಕಗಳ ದೆಸೆಯಿಂದ ಈಗ ಅದೇ ನೆಲೆನಿಂತಿದೆ. ಇಲ್ಲಿಯೂ ಅದನ್ನೇ ಬಳಸಿದೆ.

ಹೆಸರು ಮತ್ತು ವರ್ಗೀಕರಣ

ಜರ್ಮನಿಯ ಔಗ್ಸ್‌ಬರ್ಗ್ ನಗರದ ಯಾಕೋಬ್ ಹ್ಯೂಬ್ನರ್ 1807ರಲ್ಲಿ ಈ ಪತಂಗಕ್ಕೆ ಸೆಲೀನೆ ಎಂದು ಹೆಸರಿಟ್ಟ. ಅವನು ಹತ್ತಿಬಟ್ಟೆಯ ಕಾರ್ಖಾನೆಯಲ್ಲಿ ವಿನ್ಯಾಸ ಬಿಡಿಸುವ, ಅಚ್ಚು ಕೊರೆಯುವ ಕೆಲಸ ಮಾಡಿದವನು. ದೂರದೇಶಗಳ ಚಿಟ್ಟೆ, ಪತಂಗಗಳನ್ನು ಬಣ್ಣದ ಫಲಕಗಳಲ್ಲಿ ಅಚ್ಚುಹಾಕಿಸುತ್ತಿದ್ದ. ಸೆಲೀನೆ ಗ್ರೀಕರ ಚಂದ್ರದೇವತೆ. ಈ ಬಳಗಕ್ಕೆ ಹೆಸರಿಡಲು ಕುಳಿತವರಿಗೆಲ್ಲ ಚಂದ್ರನ ಹುಚ್ಚು ಹಿಡಿದಿತ್ತೋ ಏನೋ. ಅಮೆರಿಕದ ಸೋದರ ಪ್ರಭೇದಕ್ಕೆ ಲಿನ್ನೇಯಸ್ 1758ರಲ್ಲೇ ಲೂನಾ ಎಂದಿದ್ದ. ಲ್ಯಾಟಿನ್ನಿನಲ್ಲಿ ಅದೂ ಚಂದ್ರನೇ. ಮುಂದೆ ಬಂದ ಆರ್ಟೆಮಿಸ್, ಡಯಾನೆ ಎಂಬ ಹೆಸರುಗಳೂ ಚಂದ್ರನೊಡನೆ ನಂಟಿರುವ ದೇವಿಯರವೇ. ಇವುಗಳಲ್ಲಿ ಡಯಾನೆ ಬೇರೆ ಪ್ರಭೇದದ್ದಲ್ಲ. ಹಟ್ಟನ್ ಎಂಬಾತ 1846ರಲ್ಲಿ ಕೊಟ್ಟ ಆ ಹೆಸರು ಸೆಲೀನೆಗೇ ಬಿದ್ದ ಇನ್ನೊಂದು ಹೆಸರೆಂದು ಆಮೇಲೆ ಗೊತ್ತಾಯಿತು. ಮೊದಲು ಇಟ್ಟ ಹೆಸರೇ ಉಳಿಯಬೇಕೆಂಬುದು ಪ್ರಾಣಿನಾಮಕರಣದ ಕಟ್ಟಳೆಯಾದ್ದರಿಂದ ಡಯಾನೆ ಪಟ್ಟಿಯ ಮೂಲೆ ಸೇರಿತು.

ಆಕ್ಟಿಯಾಸ್ ಎಂಬ ಕುಲದ ಹೆಸರು 1815ರದು. ಬ್ರಿಟಿಷ್ ಮ್ಯೂಸಿಯಂನ ವಿಲಿಯಂ ಎಲ್ಫರ್ಡ್ ಲೀಚ್ ಅದನ್ನು ಮೊದಲು ಬಳಸಿದ್ದು ಎಡಿನ್‌ಬರೋ ವಿಶ್ವಕೋಶಕ್ಕೆ ಬರೆದ ಕೀಟಶಾಸ್ತ್ರದ ಲೇಖನದಲ್ಲಿ. ಒಂದು ಕುಲವೇ ವಿಶ್ವಕೋಶದ ಲೇಖನವೊಂದರಲ್ಲಿ ಹುಟ್ಟಿತೆಂಬುದು ಇಂಥ ಬರಹ ಬರೆಯುವವರಿಗೆ ಸಣ್ಣ ಹೆಮ್ಮೆಯ ಸಂಗತಿ.

ರೆಕ್ಕೆಯ ಮೇಲೆ ಹೆಂಚು ಹೊದಿಸಿದ ಹಾಗೆ ಹುರುಪೆ ಜೋಡಿಸಿಕೊಂಡ ಕೀಟಗಳೆಲ್ಲ ಲೆಪಿಡಾಪ್ಟೆರಾ ಗಣಕ್ಕೆ ಸೇರುತ್ತವೆ. ಈ ಗಣದಲ್ಲಿ ಇದುವರೆಗೆ ಹೆಸರು ಪಡೆದಿರುವ ಪ್ರಭೇದಗಳು ಸುಮಾರು 1,57,000. ಅವುಗಳಲ್ಲಿ ಚಿಟ್ಟೆಗಳ ಪಾಲು ಸುಮಾರು 19,000, ಮಿಕ್ಕವೆಲ್ಲ ಪತಂಗಗಳೇ. ಪತಂಗಗಳ ದೊಡ್ಡ ಮನೆತನದಲ್ಲಿ ಹಗಲು ಓಡಾಡಲು ಕಲಿತ ಒಂದು ಕವಲು ಚಿಟ್ಟೆ ಎಂದರೆ ಸರಿಹೋದೀತು. ನಾವು ಕವಲನ್ನೇ ಮನೆತನವೆಂದುಕೊಂಡು ಕಂಡದ್ದಕ್ಕೆಲ್ಲ ಚಿಟ್ಟೆ ಎನ್ನುತ್ತೇವೆ.

ಲೆಪಿಡಾಪ್ಟೆರಾದೊಳಗೆ ಚಂದ್ರಪತಂಗದ ಕುಟುಂಬ ಸ್ಯಾಟರ್ನಿಡೆ. ಫ್ರಾನ್ಸಿನ ಬುವಾದ್ಯುವಾಲ್ 1837ರಲ್ಲಿ ಗುರುತಿಸಿದ ಈ ಕುಟುಂಬದಲ್ಲಿ ಈಗ 3,400ಕ್ಕೂ ಹೆಚ್ಚು ಪ್ರಭೇದಗಳಿವೆ. ಕಾಡುರೇಷ್ಮೆಯ ಹೆಚ್ಚಿನ ಪತಂಗಗಳು ಇಲ್ಲೇ ಬರುತ್ತವೆ. ಟಸಾರ್ ಕೊಡುವ ಆಂಥರಿಯಾ ಮೈಲಿಟಾ ಮತ್ತು ಅಸ್ಸಾಮಿನ ಮೂಗಾ ಪತಂಗ ಎರಡೂ ಚಂದ್ರಪತಂಗದ ಪಂಗಡವಾದ ಸ್ಯಾಟರ್ನಿನಿಗೇ ಸೇರಿದವು. ಏರಿ ರೇಷ್ಮೆಯ ಪತಂಗವೂ ಹೆಸರುವಾಸಿ ಅಟ್ಲಾಸ್ ಪತಂಗವೂ ಪಕ್ಕದ ಅಟ್ಯಾಸಿನಿ ಪಂಗಡದವು. ರಾಮನಗರದ ಮಾರುಕಟ್ಟೆಗೆ ಗೂಡು ಕೊಡುವ ಹಿಪ್ಪುನೇರಳೆ ಹುಳು ಮಾತ್ರ ಬೇರೆ ಮನೆಯದು. ಅದರ ಕುಟುಂಬ ಬಾಂಬಿಸಿಡೆ. ಎರಡೂ ಕುಟುಂಬಗಳನ್ನು ಬಾಂಬಿಕಾಯ್ಡಿಯಾ ಎಂಬ ಮಹಾಕುಟುಂಬದಲ್ಲಿ ಕೂಡಿಸಿದ್ದಾರೆ. ರೇಷ್ಮೆಹುಳು ಚಂದ್ರಪತಂಗಕ್ಕೆ ಅಣ್ಣತಮ್ಮನಲ್ಲ, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳಷ್ಟು ದೂರ. ಅದೇ ಮಹಾಕುಟುಂಬದಲ್ಲಿ, ಸಂಜೆ ಹೂವಿನ ಮುಂದೆ ಹೆಲಿಕಾಪ್ಟರಿನಂತೆ ನಿಂತು ಮಕರಂದ ಹೀರುವ ಹಾಕ್‌ಮಾತ್‌ಗಳೂ ಇವೆ.

ಕುಲದ ಮೇಲಿನ ಮೆಟ್ಟಿಲುಗಳಲ್ಲಿ ಹೆಚ್ಚು ತಕರಾರಿಲ್ಲ. ಗೊಂದಲವೆಲ್ಲ ಪ್ರಭೇದದ ಮಟ್ಟದ್ದು. ಬಹುಕಾಲ ಚೀನಾದ ಹಸಿರು ಚಂದ್ರಪತಂಗವನ್ನು ಸೆಲೀನೆಯ ಉಪಪ್ರಭೇದವೆಂದೇ ಎಣಿಸಿದ್ದರು. ಈಗ ಅದು ನಿಂಗ್ಪೊಆನಾ ಎಂಬ ಬೇರೆ ಪ್ರಭೇದ. ಅಂಡಮಾನಿನಲ್ಲಿ ಇಗ್ನೆಸೆನ್ಸ್ ಎಂಬುದು ಬೇರೆಯೇ ಇದೆ. ಈಶಾನ್ಯ ಭಾರತದ ಮೀನಾಸ್‌ನಲ್ಲಂತೂ ಗಂಡು ಹೆಣ್ಣುಗಳನ್ನು ಪಕ್ಕಪಕ್ಕ ಇಟ್ಟರೆ ಎರಡು ಬೇರೆ ಪತಂಗಗಳೆಂದೇ ತೋರುತ್ತದೆ. ಗಂಡಿನ ಹಳದಿ ರೆಕ್ಕೆಯ ಮೇಲೆ ಕಂದು ಮಚ್ಚೆ, ಹೆಣ್ಣಿನದು ಹಸಿರು.

ಎಲ್ಲಕ್ಕಿಂತ ಸ್ವಾರಸ್ಯದ ಕಥೆ ಸ್ಪೇನಿನ ಇಸಬೆಲ್ಲೆಯದು. ಪೈನ್ ಮರದ ಸೂಜಿಯೆಲೆ ತಿಂದು ಬೆಳೆಯುವ ಈ ಪತಂಗವನ್ನು 1849ರಲ್ಲಿ ಗ್ರೇಲ್ಸ್ ಎಂಬಾತ ವರ್ಣಿಸಿ, ರಾಣಿ ಇಸಾಬೆಲಳ ಹೆಸರಿಟ್ಟ. ಹಸಿರು ರೆಕ್ಕೆಯ ಮೇಲೆ ನರನರವೂ ಕೆಂಗಂದು ಗೆರೆಯಲ್ಲಿ ಎದ್ದು ಕಾಣುವ, ದೇವಾಲಯದ ಬಣ್ಣಗಾಜಿನ ಕಿಟಕಿಯಂಥ ರೂಪ ಅದರದು. ಯಾವ ಕೋನದಿಂದ ನೋಡಿದರೂ ನಮ್ಮ ಚಂದ್ರಪತಂಗದಂತೆ ಕಾಣದು. ಹಾಗಾಗಿ ಅದಕ್ಕೆಂದೇ ಗ್ರೇಲ್ಸಿಯಾ ಎಂಬ ಪ್ರತ್ಯೇಕ ಕುಲ ಕಟ್ಟಿದ್ದರು. ಡಿಎನ್‌ಎ ತಾಳೆ ನೋಡಿದ ಮೇಲೆ ಇಂದಿನ ಹಲವರು ಅದನ್ನು ಆಕ್ಟಿಯಾಸ್ ಕುಲದೊಳಗೇ ತಂದಿದ್ದಾರೆ. ತದ್ವಿರುದ್ಧದ ಉದಾಹರಣೆಯೂ ಇದೆ. ದಕ್ಷಿಣ ಅಮೆರಿಕದ ಕೋಪಿಯಾಪ್ಟೆರಿಕ್ಸ್ ಕುಲದ ಪತಂಗಗಳಿಗೆ ಚಂದ್ರಪತಂಗಕ್ಕಿರುವಂಥದೇ ಉದ್ದ ಬಾಲ. ಆದರೆ ಅವು ದೂರದ ನೆಂಟರು. ಅಲ್ಲಿ ಬಾಲ ಬೇರೆಯಾಗಿಯೇ ಹುಟ್ಟಿಬಂದಿದೆ. ಬಾಲ ನೋಡಿ ಬಳಗ ಹೇಳಲು ಬರುವುದಿಲ್ಲ.

ಪ್ರೌಢ ಪತಂಗದ ರೂಪ

ರೆಕ್ಕೆ ಹರಡಿದರೆ ಈ ತುದಿಯಿಂದ ಆ ತುದಿಗೆ ಸಾಮಾನ್ಯವಾಗಿ 10ರಿಂದ 12 ಸೆಂಟಿಮೀಟರ್. ಹೆಣ್ಣು ಇನ್ನೂ ಸ್ವಲ್ಪ ದೊಡ್ಡದಾಗಬಹುದು. ಹಸಿರೆಂದು ಹೇಳಿದೆವಾದರೂ ಅದು ಎಲೆಯ ಹಸಿರಲ್ಲ. ಎಳೆ ಬಾಳೆಸುಳಿ ಬಿಚ್ಚುವಾಗ ಒಳಮಗ್ಗುಲಲ್ಲಿ ಕಾಣುವ, ಬಿಳಿಯೋ ಹಸಿರೋ ಎಂದು ಅನುಮಾನ ಹುಟ್ಟಿಸುವ ಬಣ್ಣಕ್ಕೆ ಇದು ಹತ್ತಿರ. ಕೆಲವುಗಳಲ್ಲಿ ನೀಲಿಯ ಛಾಯೆಯೂ ಉಂಟು. ಮುಂರೆಕ್ಕೆಯ ಮೇಲಂಚಿನುದ್ದಕ್ಕೂ ಮಾಗಿದ ನೇರಳೆಹಣ್ಣಿನ ಬಣ್ಣದ ಒಂದು ಪಟ್ಟಿ. ಎರಡೂ ಕಡೆಯ ಪಟ್ಟಿಗಳು ಕತ್ತಿನ ಹಿಂದೆ ಕೂಡುತ್ತವೆ. ಹೀಗಾಗಿ ರೆಕ್ಕೆ ಹರಡಿ ಕುಳಿತ ಪತಂಗ ಹೆಗಲ ಮೇಲೆ ಒಂದೇ ಅಖಂಡ ಶಾಲಿನಂಚು ಹೊದ್ದಂತೆ ಕಾಣುತ್ತದೆ. ಗಿಡದ ನಡುವೆ ಆ ಗೆರೆ ಕಡ್ಡಿಯಾಗಿಯೂ ಕೆಳಗಿನ ಹಸಿರು ಎಲೆಯಾಗಿಯೂ ಕಣ್ಣಿಗೆ ಬೀಳುತ್ತದೆ. ಮೈಗೆ ದಟ್ಟ ಬಿಳಿ ಉಣ್ಣೆ. ಕಾಲುಗಳಿಗೆ ಗುಲಾಬಿ, ನೇರಳೆಗಳ ನಡುವಿನ ಬಣ್ಣ. ಬರಿಗಣ್ಣಿಗೆ ಬಿಳಿಮೈಯಿಂದ ಹೊರಟ ಆ ಗುಲಾಬಿ ಕಾಲುಗಳೇ ಎಷ್ಟೋ ಸಲ ಮೊದಲು ಕಾಣುವುದು.

ನಾಲ್ಕೂ ರೆಕ್ಕೆಗಳ ನಡುವೆ ಒಂದೊಂದು ಕಣ್ಣುಚುಕ್ಕೆ. ಇದನ್ನು ಬರಿಯ ಚುಕ್ಕೆ ಎಂದು ಬಿಡಲಾಗದು. ಭೂತಗನ್ನಡಿ ಹಿಡಿದರೆ ಮೈಯ ಕಡೆಗಿನ ಅಂಚಿನಲ್ಲಿ ಕಪ್ಪು, ಕೆಂಗಂದು ಕೂಡಿದ ಕಮಾನು, ಅದರಾಚೆ ಮಾಸಲು ಗುಲಾಬಿ, ಹೊರಗಡೆಗೆ ಹಳದಿಯ ಒಂದು ಎಳೆ ಕಾಣುತ್ತವೆ. ಕಮಾನು ಬಿದಿಗೆಯ ಚಂದ್ರನಂತೆ ಬಾಗಿರುವುದರಿಂದ ಚಂದ್ರನ ಹೆಸರು ಇಲ್ಲಿಗೂ ಒಪ್ಪುತ್ತದೆ. ರೆಕ್ಕೆಯ ಹೊರ ಅಂಚಿಗೆ ಸಮನಾಗಿ ಮಸುಕು ಹಳದಿಯ ಗೆರೆಯೊಂದು ಸಾಗುತ್ತದೆ. ಮುಟ್ಟಿದರೆ ಬೆರಳಿಗೆ ಅಂಟುವ ಹಿಟ್ಟೇ ಹುರುಪೆಗಳು; ಕಳಚಿದ ಹುರುಪೆ ಮತ್ತೆ ಬೆಳೆಯುವುದಿಲ್ಲ. ಹಳೆಯ ಪತಂಗವನ್ನು ಗುರುತಿಸುವುದು ಅದರ ಸವೆದ ಬಣ್ಣ, ಹರಿದ ಅಂಚುಗಳಿಂದಲೇ.

ಈ ಹಸಿರು ನಿಲ್ಲುವ ಬಣ್ಣವಲ್ಲ. ಪಿತ್ತವರ್ಣಕಗಳ ಗುಂಪಿನ ನೀಲಿಯೂ ಮರಿಹುಳು ತಿಂದ ಎಲೆಯಿಂದ ಬಂದ ಹಳದಿಯೂ ಸೇರಿ ಅದು ಆಗಿರುತ್ತದೆ. ಬೆಳಕಿಗೆ ಒಡ್ಡಿದರೆ ಬೇಗ ಮಾಸುತ್ತದೆ. ಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಇದ್ದ ಮಾದರಿ ಬೂದಿಬಿಳುಪಿಗೆ ತಿರುಗಿ, ಹೆಸರುಚೀಟಿ ಇಲ್ಲದಿದ್ದರೆ ಬೇರೆ ಪತಂಗವೆಂದು ಮೋಸಹೋಗುವಂತಿರುತ್ತದೆ. ಹೀಗಾಗಿ ಪತಂಗತಜ್ಞರು ಬಣ್ಣವನ್ನು ಕೊನೆಗೆ ನಂಬುತ್ತಾರೆ. ಅವರು ಮೊದಲು ನೋಡುವುದು ರೆಕ್ಕೆಯ ನರಗಳ ಹರಹು, ಕುಡಿಮೀಸೆಯ ರಚನೆ, ಗಂಡಿನ ಜನನಾಂಗದ ಆಕಾರ. ನೀಲಗಿರಿಯಲ್ಲಿ ಚಹಾತೋಟ ನೋಡಿಕೊಂಡಿದ್ದು ಆಮೇಲೆ ಪತಂಗಗಳಿಗೇ ಬಾಳು ಮುಡಿಪಿಟ್ಟ ಜಾರ್ಜ್ ಹ್ಯಾಂಪ್ಸನ್ 1892ರಲ್ಲಿ ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯ ಮೊದಲ ಪತಂಗ ಸಂಪುಟ ತಂದ. ಅದನ್ನು ತೆರೆದರೆ ಬಣ್ಣದ ಮಾತಿನಷ್ಟೇ ನರಗಳ ಲೆಕ್ಕವೂ ಸಿಗುತ್ತದೆ.

ಕುಡಿಮೀಸೆಗಳನ್ನು ಹತ್ತಿರದಿಂದ ನೋಡಬೇಕು. ಚಿಟ್ಟೆಗಿರುವಂತೆ ತುದಿಯಲ್ಲಿ ಗುಂಡಿಯುಳ್ಳ ಕಡ್ಡಿಯಲ್ಲ ಇದು. ಜರಿಗಿಡದ ಎಲೆಯಂತೆ ಎರಡೂ ಬದಿಗೆ ಸೀಳಿಕೊಂಡದ್ದು. ಗಂಡಿನದು ಅಗಲ, ಹೆಣ್ಣಿನದು ಕಿರಿದು. ಗೋಡೆಯ ಮೇಲೆ ಕುಳಿತದ್ದು ಗಂಡೋ ಹೆಣ್ಣೋ ಎಂದು ಹೇಳಲು ಇದಕ್ಕಿಂತ ಸುಲಭದ ಗುರುತಿಲ್ಲ. ಹೆಣ್ಣು ಗಾಳಿಗೆ ಬಿಡುವ ವಾಸನೆಯ ಕಣಗಳನ್ನು ಕತ್ತಲಲ್ಲಿ ಜರಡಿ ಹಿಡಿಯುವುದು ಈ ಅಗಲ ಮೀಸೆಯ ಕೆಲಸ. ಹೆಣ್ಣಿಗೆ ಮೊಟ್ಟೆ ತುಂಬಿದ ದಪ್ಪ ಹೊಟ್ಟೆಯೂ ಇರುತ್ತದೆ.

ಬಾಯಿಯ ಜಾಗದಲ್ಲಿ ಮಾತ್ರ ಹುಡುಕಿದರೂ ಏನೂ ಸಿಗುವುದಿಲ್ಲ. ಹಾಕ್‌ಮಾತ್‌ಗಿರುವಂಥ ಸುರುಳಿ ಸೊಂಡಿಲು ಇಲ್ಲಿ ಕ್ಷೀಣಿಸಿಹೋಗಿದೆ. ಗೂಡಿನಿಂದ ಹೊರಬಿದ್ದ ಚಂದ್ರಪತಂಗ ತಿನ್ನುವುದಿಲ್ಲ, ಕುಡಿಯುವುದಿಲ್ಲ. ಮರಿಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬಿನ ಮೇಲೆ ಒಂದು ವಾರ, ಹೆಚ್ಚೆಂದರೆ ಹತ್ತು ಹನ್ನೆರಡು ದಿನ ಬಾಳುತ್ತದೆ. ಹೂವಿನ ಮೇಲೆ ಕುಳಿತು ಮಕರಂದ ಹೀರುವ ಚಂದ್ರಪತಂಗದ ಚಿತ್ರ ಎಲ್ಲಾದರೂ ಕಂಡರೆ ಅದು ಬರೆದವನ ಕಲ್ಪನೆ. ಅನೇಕ ಪತಂಗಗಳ ಹಿಂರೆಕ್ಕೆಯಲ್ಲಿ ಮುಂರೆಕ್ಕೆಗೆ ಸಿಕ್ಕಿಸಿಕೊಳ್ಳುವ ಬಿರುಗೂದಲ ಕೊಂಡಿ ಇರುತ್ತದೆ. ಈ ಕುಟುಂಬದಲ್ಲಿ ಅದೂ ಇಲ್ಲ. ಹಿಂರೆಕ್ಕೆಯ ಬುಡವೇ ಅಗಲವಾಗಿ ಮುಂರೆಕ್ಕೆಯ ಕೆಳಗೆ ತೂರಿ ಎರಡನ್ನೂ ಒಟ್ಟಿಗೆ ಬಡಿಸುತ್ತದೆ.

ಬಾಲದ ಲೆಕ್ಕ

ಹಿಂರೆಕ್ಕೆಯಿಂದ ಇಳಿಯುವ ಬಾಲ ಬರಿಯ ಪಟ್ಟಿಯಲ್ಲ. ನಡುವೆ ತುಸು ತಿರುಚಿಕೊಂಡು ತುದಿಯಲ್ಲಿ ಚಮಚದಂತೆ ಬಾಗಿದೆ. ಹಸಿರಿಗೆ ಅಲ್ಲಲ್ಲಿ ಗುಲಾಬಿ ಸೋಕಿದೆ. ಪತಂಗ ಕುಳಿತಿರುವಾಗ ಅದು ಅಲಂಕಾರದಂತೆ ತೋರುತ್ತದೆ. ಹಾರುವಾಗ ಮಾತ್ರ ಗಾಳಿಪಟದ ಬಾಲಂಗೋಚಿಯಂತೆ ಗಿರಕಿ ಹೊಡೆಯುತ್ತದೆ.

ಹೆಣ್ಣನ್ನು ಒಲಿಸಲೋ ಎಲೆಯ ತೊಟ್ಟಿನಂತೆ ಕಾಣಲೋ ಇದು ಬಂದಿರಬೇಕೆಂಬ ಊಹೆಗಳು ಹಳೆಯವು. 2015ರಲ್ಲಿ ಅಮೆರಿಕದ ಜೆಸ್ಸಿ ಬಾರ್ಬರ್ ಮತ್ತು ಸಂಗಡಿಗರು ಲೂನಾ ಪತಂಗಗಳನ್ನು ಕತ್ತಲ ಕೋಣೆಯಲ್ಲಿ ಬಾವಲಿಗಳ ಮುಂದೆ ಬಿಟ್ಟು ವೇಗದ ಕ್ಯಾಮೆರಾಗಳಲ್ಲಿ ಚಿತ್ರಿಸಿದರು. ಬಾಲ ಕತ್ತರಿಸಿದ ಪತಂಗಗಳಲ್ಲಿ ಬಾವಲಿ ಹಿಡಿದದ್ದು ಶೇಕಡಾ 81. ಬಾಲ ಇದ್ದವುಗಳಲ್ಲಿ ಶೇಕಡಾ 35 ಮಾತ್ರ. ಬಾವಲಿ ಕೂಗು ಹಾಕಿ ಮರುದನಿಯಿಂದ ಬೇಟೆ ಹುಡುಕುತ್ತದೆ. ಸುತ್ತುತ್ತಿರುವ ಬಾಲದ ತುದಿ ಆ ಮರುದನಿಯನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಎರಗಿದ ಬಾವಲಿಯ ಬಾಯಿಗೆ ಬಾಲದ ಚೂರು ಸಿಕ್ಕಿ ಪತಂಗ ಪಾರಾಗುತ್ತದೆ. ಈ ಕುಟುಂಬದ ಪತಂಗಗಳಿಗೆ ಬಾವಲಿಯ ಕೂಗು ಕೇಳುವ ಕಿವಿಯಿಲ್ಲ. ಕಿವಿಯಿದ್ದ ಪತಂಗಗಳು ಕೂಗು ಕೇಳಿ ಜಿಗಿದು ತಪ್ಪಿಸಿಕೊಳ್ಳುತ್ತವೆ. ಕಿವಿಯಿಲ್ಲದ್ದು ಬಾಲ ಕೊಟ್ಟು ಉಳಿಯುತ್ತದೆ, ಹಲ್ಲಿಯಂತೆ. 2018ರ ಇನ್ನೊಂದು ಅಧ್ಯಯನ ಈ ಕುಟುಂಬದ ವಂಶವೃಕ್ಷವನ್ನು ಜಾಲಾಡಿ, ಉದ್ದ ಬಾಲ ಒಂದೇ ಸಲವಲ್ಲ, ಬೇರೆ ಬೇರೆ ಕವಲುಗಳಲ್ಲಿ ಹಲವು ಸಲ ಹುಟ್ಟಿದೆಯೆಂದು ತೋರಿಸಿತು. ಮೇಲೆ ಹೇಳಿದ ಕೋಪಿಯಾಪ್ಟೆರಿಕ್ಸಿನ ಗುಟ್ಟೂ ಇದೇ. 2023ರಲ್ಲಿ ಹೊರಬಂದ ಪ್ರಯೋಗಗಳಲ್ಲಿ ಲೂನಾ ಹೆಣ್ಣುಗಳು ಗಂಡಿನ ಬಾಲಕ್ಕೆ ಸೊಪ್ಪು ಹಾಕಲಿಲ್ಲ. ಹಕ್ಕಿಗಳಿಗೂ ಬಾಲ ಇದ್ದದ್ದು ಇಲ್ಲದ್ದು ಒಂದೇ ಆಯಿತು. ಈ ಪ್ರಯೋಗಗಳೆಲ್ಲ ಅಮೆರಿಕದ ಸೋದರನ ಮೇಲೆ ನಡೆದವು. ಸೆಲೀನೆಯ ಬಾಲ ಅದಕ್ಕಿಂತ ಮೋಟಾದದ್ದೇನಲ್ಲ. ನಮ್ಮ ಕಾಡುಗಳಲ್ಲಿ ಬಾವಲಿಗೂ ಬರವಿಲ್ಲ.

ಮೊಟ್ಟೆಯಿಂದ ಗೂಡಿಗೆ

ಹೆಣ್ಣು ಇನ್ನೂರು, ಇನ್ನೂರೈವತ್ತರವರೆಗೆ ಮೊಟ್ಟೆಯಿಡಬಲ್ಲದು. ಸುಮಾರು 2 ಮಿಲಿಮೀಟರಿನ ಬಿಳಿ ಮೊಟ್ಟೆಗಳ ಮೇಲೆ ಕಪ್ಪುಗಂದು ಚುಕ್ಕೆಗಳು. ಕಂದು ಅಂಟಿನಿಂದ ಎಲೆ, ಕಡ್ಡಿಗಳಿಗೆ ಕಚ್ಚಿಕೊಂಡಿರುತ್ತವೆ. ಸೆಕೆ ಚಳಿಗಳನ್ನು ಅನುಸರಿಸಿ ಹನ್ನೆರಡು ದಿನಗಳ ಆಸುಪಾಸಿನಲ್ಲಿ ಒಡೆದಾಗ ಬರುವ ಮರಿಹುಳು ಹಸಿರಲ್ಲ, ಕೆಂಪು. ನಡುಮೈಗೆ ಕಪ್ಪು ಪಟ್ಟಿಯೂ ಇರುತ್ತದೆ. ಗೊತ್ತಿಲ್ಲದವರು ಬೇರೆ ಹುಳು ಎಂದೇ ಸಾಧಿಸುತ್ತಾರೆ. ಹಿಪ್ಪುನೇರಳೆ ರೇಷ್ಮೆ ಬೆಳೆಗಾರರು ಹುಳು ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತಾರೆ. ಇದಕ್ಕೂ ನಾಲ್ಕು ಜ್ವರ, ಐದು ಹಂತ. ಎರಡನೆಯ ಜ್ವರ ಮುಗಿದ ಮೇಲೆ ಕೆಂಪು ಹೋಗಿ ಹಸಿರು ಬರುತ್ತದೆ. ಕೊನೆಯ ಹಂತದಲ್ಲಿ ಬೆರಳಿಗಿಂತ ದಪ್ಪಗಾಗಿ, ಮೈಮೇಲೆ ಸಾಲು ಸಾಲು ಹಳದಿ ಗುಬುಟುಗಳು, ಅವುಗಳ ಮೇಲೆ ಗಿಡ್ಡ ಕೂದಲು. ಎಲೆಯ ನಡುವೆ ತಲೆಕೆಳಗಾಗಿ ನೇತಾಡುವ ಈ ಹುಳು ಎರಡಡಿ ದೂರದಿಂದಲೂ ಕಾಣಿಸದು. ಹುಡುಕುವವರು ಮರ ನೋಡುವ ಮೊದಲು ನೆಲ ನೋಡುತ್ತಾರೆ. ಕಾಳುಮೆಣಸಿನ ಗಾತ್ರದ ಹಿಕ್ಕೆ ಹಸಿಯಾಗಿ ಬಿದ್ದಿದ್ದರೆ ನೆತ್ತಿಯ ಮೇಲೆ ಹುಳು ಇದೆಯೆಂದೇ ಲೆಕ್ಕ.

ಒಂದೇ ಗಿಡಕ್ಕೆ ಅಂಟಿಕೊಂಡ ಹುಳುವಲ್ಲ ಇದು. ಹಿಮಾಲಯದಲ್ಲಿ ಅಕ್ರೋಟು ಮತ್ತಿತರ ಮರಗಳು. ಬೇರೆಡೆ ದಾಸವಾಳ, ಹೊಳೆದಾಸವಾಳ ಮತ್ತಿತರ ಗಿಡಮರಗಳು. ಹೀಗೆ ಹಲವು ಗಿಡಗಳ ಎಲೆ ತಿನ್ನುವುದರಿಂದಲೇ ಯೂರೋಪಿನ ಹವ್ಯಾಸಿಗಳು ಇದನ್ನು ಮನೆಯಲ್ಲಿ ಸಲೀಸಾಗಿ ಸಾಕುತ್ತ ಬಂದಿದ್ದಾರೆ. ಕಾಡಿನಲ್ಲಿ ಇದಕ್ಕೆ ಶತ್ರುಗಳು ಬೇಕಾದಷ್ಟು. ರೇಷ್ಮೆ ಬೆಳೆಗಾರರ ನಿದ್ದೆಗೆಡಿಸುವ ಊಜಿ ನೊಣದ ಬಳಗದವು ಕಾಡುರೇಷ್ಮೆಯ ಹುಳುಗಳ ಮೈಗೂ ಮೊಟ್ಟೆ ಅಂಟಿಸುತ್ತವೆ. ಅಂಥ ಹುಳು ಗೂಡು ಕಟ್ಟಿದರೂ ಹೊರಬರುವುದು ನೊಣದ ಹುಳುವೇ.

ಗೂಡು ಕಂದು, ತೆಳು, ಕಾಗದದಂಥದು. ಸುತ್ತ ಎಲೆ ಸುತ್ತಿಕೊಂಡಿರುತ್ತದೆ. ಚಂದ್ರಿಕೆ ಎಂಬ ಬಿದಿರ ತಟ್ಟಿಯ ಮೇಲೆ ಕಟ್ಟಿದ ರೇಷ್ಮೆಗೂಡನ್ನು ನೋಡಿದ ಕಣ್ಣಿಗೆ ಇದು ಸಪ್ಪೆ. ಅಲ್ಲಿ ಒಂದೇ ಎಳೆ ಸಾವಿರ ಮೀಟರಿನವರೆಗೂ ಬಿಚ್ಚಿಕೊಳ್ಳುತ್ತದೆ. ಇಲ್ಲಿ ನೂಲು ತೆಗೆಯುವಂಥ ಸರಕೇ ಇಲ್ಲ. ಕಾಡುರೇಷ್ಮೆಯ ಕುಟುಂಬದಲ್ಲಿದ್ದೂ ಚಂದ್ರಪತಂಗ ಯಾವ ಮಾರುಕಟ್ಟೆಗೂ ಸಿಗದೆ ಉಳಿದದ್ದು ಹೀಗೆ. ಒಳಗಿನ ಕೋಶ ಹವೆ ಅನುಕೂಲವಿದ್ದರೆ ಕೆಲವು ವಾರಗಳಲ್ಲಿ ಪತಂಗವಾಗುತ್ತದೆ. ಇಲ್ಲವಾದರೆ ಕೆಟ್ಟ ಕಾಲ ಕಳೆಯುವತನಕ ತೆಪ್ಪಗೆ ಕಾಯುತ್ತದೆ. ಹೊರಬಂದಾಗ ರೆಕ್ಕೆಗಳು ಒದ್ದೆ ಬಟ್ಟೆಯ ಮುದ್ದೆಯಂತಿರುತ್ತವೆ. ಕಡ್ಡಿ ಹತ್ತಿ ತೂಗಿಬಿದ್ದು ನರಗಳೊಳಗೆ ರಸ ತಳ್ಳಿದಂತೆಲ್ಲ ರೆಕ್ಕೆ ಇಳಿದು ಅಗಲವಾಗುತ್ತದೆ. ಬಾಲ ಕೊನೆಗೆ ನೀಳವಾಗುತ್ತದೆ. ತೂಗಿಬೀಳಲು ಜಾಗ ಸಿಗದಿದ್ದರೆ ಅದು ಜೀವಮಾನವಿಡೀ ಮುದುಡಿಯೇ ಉಳಿಯುತ್ತದೆ.

ದೀಪಕ್ಕೆ ಬಂದವುಗಳ ಪಾಡು ಬೇರೆ. ರಾತ್ರಿ ಹಾರುವ ಕೀಟಗಳು ಆಕಾಶದ ಮಬ್ಬು ಬೆಳಕಿಗೆ ಬೆನ್ನು ಕೊಟ್ಟು ಮೇಲು ಕೆಳಗು ತಿಳಿಯುತ್ತವೆ. ದೀಪಕ್ಕೂ ಹಾಗೇ ಬೆನ್ನು ತಿರುಗಿಸಿ ಸುತ್ತತೊಡಗುತ್ತವೆ ಎಂದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಪತಂಗ ಬೆಂಕಿಯನ್ನು ಪ್ರೀತಿಸುತ್ತದೆಂಬ ಕವಿಸಮಯಕ್ಕೆ ಇದರಿಂದ ಸ್ವಲ್ಪ ಪೆಟ್ಟು ಬಿದ್ದಿದೆ. ಸುತ್ತಿ ಸುಸ್ತಾದದ್ದು ಗೋಡೆ ಹಿಡಿದು ಕೂರುತ್ತದೆ. ಬೆಳಕು ಹರಿಯುವ ಮೊದಲು ದೀಪ ಆರಿಸಿದರೆ ಗಿಡಕ್ಕೆ ಮರಳುವುದುಂಟು. ಆರಿಸದಿದ್ದರೆ ಸುಣ್ಣದ ಬಿಳಿಗೋಡೆಯ ಮೇಲೆ ಆ ಹಸಿರು ಯಾವ ಮರೆಯೂ ಇಲ್ಲದೆ ಉಳಿಯುತ್ತದೆ. ಹಟ್ಟಿಯಂಗಳದ ಮಡಿವಾಳ ಹಕ್ಕಿ ನಾವು ಏಳುವುದಕ್ಕಿಂತ ಮೊದಲೇ ಎದ್ದಿರುತ್ತದೆ. ಹಕ್ಕಿಗೆ ಬೇಕಾದದ್ದು ಹೊಟ್ಟೆ. ಜಗಲಿಯ ಮೇಲೆ ಸಿಗುವುದು ನಾಲ್ಕು ರೆಕ್ಕೆ, ಕೆಳಗಿನ ಎರಡರಲ್ಲಿ ಬಾಲ ಒಂದು ಹುರುಪೆಯೂ ಕೆಡದೆ.